ಉಡಿ ಅಕ್ಕಿಯ ಗಾಡಿ

ಕೊಹಿನೂರ
10 ಫೆಬ್ರುವರಿ 2025

ಚಿ. ಸೂರ್ಯಕಾಂತನಿಗೆ ಅಕ್ಕ ಜಿಜಾಬಾಯಿಯ ಆಶೀರ್ವಾದ.

ಎರಡು ದಿನದಿಂದ ನಿನಗೆ ಫೋನು ಹಚ್ಚಿ ಹಚ್ಚಿ ಬೆರಳು ಸವೆದವು. ಕಡೆಗೆ ನಿನ್ನ ಕಚೇರಿಯ ಜವಾನ ಎತ್ತಿ, "ಸಾಹೇಬ್ರು ಈ ಕೇಸಿನ ಬಗ್ಗೆ ಫೋನಿನ್ಯಾಗ ಮಾತಾಡಂಗಿಲ್ಲರಿ, ಏನಿದ್ರೂ ಬರದು ಕೊಡ್ರಿ" ಎಂದ. ನಾನು ಸಾಹೇಬರ ಅಕ್ಕ ಎಂದರೆ, "ಎಲ್ಲಾರೂ ಹಂಗೇ ಅಂತಾರರಿ" ಎಂದು ಇಟ್ಟುಬಿಟ್ಟ. ಸರಿ, ಬರೆಯುತ್ತಿದ್ದೇನೆ. ಏಳನೇ ಇಯತ್ತೆ ಓದಿದವಳ ಅಕ್ಷರ, ತಿದ್ದಿಕೊಂಡು ಓದು. ನಿನ್ನ ಭಾವ ಪಾಂಡುರಂಗ ಮಗ್ಗುಲಲ್ಲೇ ಕೂತು, "ಫುಡ್ ಇನ್ಸ್‌ಪೆಕ್ಟರ್ ಆದ ಮ್ಯಾಲ ಅಕ್ಕನ ದನಿ ಕೇಳಿದ್ರ ಅಜೀರ್ಣ ಆಗ್ತದೇನು ಅವಂಗ?" ಎಂದು ನಗುತ್ತಿದ್ದಾರೆ. ನಗು ತುಟಿಯ ಮೇಲಷ್ಟೇ ಇದೆ.

ವರ್ಷಾಳ ಮದುವೆ ಇಪ್ಪತ್ತಮೂರಕ್ಕೆ. ನಮ್ಮೂರ ರೀತಿ ನಿನಗೆ ನೆನಪಿದೆಯೋ, ಹುಮನಾಬಾದಿನ ಗಾಳಿಗೆ ಹಾರಿಹೋಯಿತೋ ನಾನರಿಯೆ. ಕೊಹಿನೂರಿನ ಮನೆತನದ ಹುಡುಗಿ ಎಲ್ಲೇ ಇರಲಿ, ಅವಳ ಮದುವೆಗೆ ಊರು ಉಡಿ ತುಂಬಬೇಕು. ಮನೆಗೊಂದು ಸೇರು ಅಕ್ಕಿ. ಸೋದರತ್ತೆಯಾದವಳು ಬೇವಿನ ಕಟ್ಟೆಯ ಮೇಲೆ ಸೀರೆ ಹಾಸಿ, ಮುಖ ಆಚೆ ತಿರುಗಿಸಿ ಕೂಡಬೇಕು. ಯಾರು ಸುರಿದರು, ಎಷ್ಟು ಸುರಿದರು ನೋಡಬಾರದು. ಬಡವಿಯ ಬೊಗಸೆಗೂ ಗೌಡ್ತಿಯ ಬುಟ್ಟಿಗೂ ಅಲ್ಲಿ ಒಂದೇ ಮರ್ಯಾದೆ. ಆ ಅಕ್ಕಿಯನ್ನು ಸೋದರತ್ತೆ ತನ್ನ ಖರ್ಚಿನಲ್ಲೇ ಹುಡುಗಿಯ ಮನೆ ಮುಟ್ಟಿಸಬೇಕು. ನೀನು, "ಕ್ಯಾಟರಿಂಗ್‌ನವರಿಗೆ ಹೇಳೇನಿ, ಊರಿಂದ ಏನೂ ತರಬ್ಯಾಡ" ಎಂದಿದ್ದೆ. ಕ್ಯಾಟರಿಂಗ್‌ನವರು ಉಡಿ ತುಂಬುತ್ತಾರೇನು? ಅದಕ್ಕೇ ನಿನಗೆ ಹೇಳದೆ ಕಳಿಸಿದೆ.

ನಮ್ಮಲ್ಲಿ ಭತ್ತ ಬೆಳೆಯುವವರು ಯಾರಿದ್ದಾರೆ? ತೊಗರಿ, ಜೋಳ, ಸೋಯಾ ಅಷ್ಟೇ. ಉಣ್ಣುವುದು ರೊಟ್ಟಿ. ಮನೆಯಲ್ಲಿರುವ ಅಕ್ಕಿ ಎಂದರೆ ರೇಷನ್ ಅಕ್ಕಿ. ಊರು ಅದನ್ನೇ ಕೊಟ್ಟಿತು, ಎರಡು ಕೈಯಿಂದ ಕೊಟ್ಟಿತು. ನಾಲ್ಕು ಕ್ವಿಂಟಲ್ ಆಯಿತು. ನಮ್ಮ ಡ್ರೈವರ್ ಲಾಲ್ ಅಹ್ಮದ್ ಅದನ್ನು ನನ್ನ ಛೋಟಾ ಹಾಥಿ ಸಾಮಾನು ಗಾಡಿಯಲ್ಲಿ ಹೇರಿಕೊಂಡು ಹೊರಟ. ಹುಮನಾಬಾದ್ ಇನ್ನೇನು ಬಂತು ಎನ್ನುವಾಗ ಪೊಲೀಸರು ಹಿಡಿದರು. ಅವನು ಒಳಗೆ, ಗಾಡಿ ಹೆದ್ದಾರಿ ಮಗ್ಗುಲಿನ ಜಪ್ತಿ ಬಯಲಲ್ಲಿ. ಕಾಗದದಲ್ಲಿ ದೂರು ಕೊಟ್ಟವರ ಹೆಸರು ನೋಡಿದರೆ ನಿನ್ನದೇ. ತನ್ನ ಮಗಳ ಉಡಿಯನ್ನು ತಾನೇ ಜಪ್ತಿ ಮಾಡಿದ ಅಪ್ಪ ಈ ಸೀಮೆಯಲ್ಲಿ ನೀನೊಬ್ಬನೇ ಇರಬೇಕು.

ನಿನಗೆ ಗೊತ್ತಿರಲಿಕ್ಕಿಲ್ಲ, ಪಾಪ. ಈಗ ಗೊತ್ತಾಯಿತಲ್ಲ, ಬಿಡಿಸು. ಆ ಗಾಡಿ ದಿನಾ ನಸುಕಿನಲ್ಲಿ ಊರ ಕಾಯಿಪಲ್ಯೆಯನ್ನು ಬಸವಕಲ್ಯಾಣಕ್ಕೆ ಒಯ್ಯುತ್ತದೆ, ಸುಗ್ಗಿಯಲ್ಲಿ ತೊಗರಿಯನ್ನು ನಿಮ್ಮೂರ ಅಡತಿ ಅಂಗಡಿಗೆ ತರುತ್ತದೆ. ಅದು ಓಡಿದರೆ ನನ್ನ ಒಲೆ, ಲಾಲ್ ಅಹ್ಮದನ ಒಲೆ ಎರಡೂ ಉರಿಯುತ್ತವೆ. ಈಗ ಸುಗ್ಗಿ ನಡೆದಿದೆ. ತಡ ಮಾಡಬೇಡ.

ಜಿಜಾಬಾಯಿ


ಮಾಣಿಕನಗರ, ಹುಮನಾಬಾದ್
13 ಫೆಬ್ರುವರಿ 2025

ಶ್ರೀಮತಿ ಜಿಜಾಬಾಯಿ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಅದನ್ನು ಕಚೇರಿಯ ವಿಳಾಸಕ್ಕೆ ಕಳಿಸಿದ್ದೇ ಮೊದಲ ತಪ್ಪು. ಇನ್ನು ಮುಂದೆ ಬರೆಯುವುದಿದ್ದರೆ ಮೇಲಿನ ಮನೆ ವಿಳಾಸಕ್ಕೆ ಬರೆಯಿರಿ. ಫೋನು ಬೇಡವೇ ಬೇಡ.

ಪ್ರಕರಣ ನಿಮ್ಮ ಮೇಲಿಲ್ಲ, ಚಾಲಕನ ಮೇಲಿದೆ. ಗಾಡಿಯ ದಾರಿ ಬೇರೆ. ಅದರ ವಿಚಾರಣೆ ಜಿಲ್ಲಾ ಕೇಂದ್ರದಲ್ಲಿ ಮೇಲಿನ ಸಾಹೇಬರ ಮುಂದೆ ನಡೆಯುತ್ತದೆ. ಯಾರಿಗೂ ಶಿಕ್ಷೆಯಾಗದಿದ್ದರೂ ಗಾಡಿ ಸರಕಾರಕ್ಕೆ ಹೋಗಬಹುದು. ತನ್ನ ತಪ್ಪಿಲ್ಲ ಎಂದು ತೋರಿಸಿಕೊಡಬೇಕಾದವರು ಗಾಡಿಯ ಮಾಲೀಕರು. ಪಡಿತರ ಅಕ್ಕಿಯನ್ನು ಮನೆ ಮನೆಯಿಂದ ಕೂಡಿಸಿ ಸಾಗಿಸುವುದು ಅಪರಾಧ. ಉಡಿಗೆ ಒಯ್ದರೂ ಅಷ್ಟೇ, ಗುಜರಾತಿನ ಗಿರಣಿಗೆ ಮಾರಲು ಒಯ್ದರೂ ಅಷ್ಟೇ. ಕಾನೂನಿನಲ್ಲಿ ಉಡಿ ಎಂಬ ಪದವಿಲ್ಲ.

ನಿಮಗೆ ಎರಡು ದಾರಿಗಳಿವೆ. ಅಕ್ಕಿ ಕೊಟ್ಟವರ ಹೆಸರುಗಳನ್ನು ಬರೆದುಕೊಡಿ, ಆಗ ಹೊಣೆ ಅವರಿಗೆ ಹೋಗುತ್ತದೆ. ಇಲ್ಲವೆ, ಯಾರೋ ಗುರುತಿಲ್ಲದವರು ಬಾಡಿಗೆ ಕೊಟ್ಟು ಅಕ್ಕಿ ಹೇರಿದರು, ಏನೆಂದು ನನಗೆ ತಿಳಿಯದು ಎಂದು ಹೇಳಿಕೆ ಕೊಡಿ. ಬಾಡಿಗೆಗೆ ಓಡಿದ ಗಾಡಿಯಾದರೆ ದಂಡ ಕಟ್ಟಿಸಿಕೊಂಡು ಬಿಡಲು ಅವಕಾಶವಿದೆ. ಎರಡನೆಯದು ಸುಲಭ.

ಆ ದಿನ ಅದು ಯಾರ ಅಕ್ಕಿ ಎಂದು ನನಗೆ ತಿಳಿದಿರಲಿಲ್ಲ. ನಿಮ್ಮ ಪತ್ರದಿಂದಲೇ ತಿಳಿಯಿತು. ತಿಳಿದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ. ಬೇಡ ಎಂದದ್ದನ್ನು ಮಾಡಿದವರು ನೀವು. ವರ್ಷಾಳ ಹೆಸರು, ನನ್ನ ಹೆಸರು ಎಲ್ಲೂ ಬರಬಾರದು. ಬೀಗರು ದೊಡ್ಡ ಮನೆತನದವರು. ಮದುವೆಗೆ ಬನ್ನಿ, ಸುಮ್ಮನೆ ಬಂದು ಹೋಗಿ.

ಸೂರ್ಯಕಾಂತ


ಕೊಹಿನೂರ
18 ಫೆಬ್ರುವರಿ 2025

ಇನ್ಸ್‌ಪೆಕ್ಟರ್ ಸೂರ್ಯಕಾಂತನಿಗೆ,

ಈ ಸಲ ಆಶೀರ್ವಾದ ಬರೆದಿಲ್ಲ, ಮರೆತು ಅಲ್ಲ.

ಲಾಲ್ ಅಹ್ಮದ್ ಜಾಮೀನಿನ ಮೇಲೆ ನಿನ್ನೆ ಬಂದ. ಗಡ್ಡ ಬೆಳೆದಿದೆ, ಮೈ ಅರ್ಧಕ್ಕೆ ಇಳಿದಿದೆ. ಚಹಾ ಕೊಟ್ಟರೆ ಕುಡಿಯಲೊಲ್ಲ. "ಅಕ್ಕಾ, ನಿಮಗೊಂದು ಮಾತು ಹೇಳಬೇಕು, ಆದ್ರ ಮನಿ ಮುರಿಯೋ ಮಾತು ಅದ" ಎಂದ. ಹೇಳು, ಮನೆ ಹೇಗೂ ಮುರಿದೇ ಇದೆ ಎಂದೆ. ಅವನ ಮಾತನ್ನು ಹಾಗೆಯೇ ಬರೆಯುತ್ತೇನೆ, ಒಂದಕ್ಷರ ಸೇರಿಸಿಲ್ಲ.

"ಪೊಲೀಸ್ರು ತಾಡಪತ್ರಿ ಬಿಚ್ಚಿದ್ರು. ಅಷ್ಟೊತ್ತಿಗೆ ಸೂರ್ಯಕಾಂತ ಸಾಬ್ರು ಜೀಪಿನಿಂದ ಇಳದ್ರು. ನಂಗ ಜೀವ ಬಂದಂಗ ಆತು. ಹತ್ರ ಹೋಗಿ, 'ಸಾಬ್, ಇದು ನಿಮ್ಮ ಮನಿಗೇ ಹೊಂಟದರಿ. ವರ್ಷಾಬಾಯೋರ ಉಡಿ ಅಕ್ಕಿ. ಜಿಜಾ ಅಕ್ಕನೋರು ಕಳಿಸ್ಯಾರ' ಅಂದೆ. ಅವ್ರು ನನ್ನ ಮಾರಿ ಸುದ್ದಾ ನೋಡ್ಲಿಲ್ಲ. 'ಯಾವ ವರ್ಷಾ? ಯಾವ ಜಿಜಾ? ಇಂವ ಸುಳ್ಳ ಹೇಳಾಕತ್ತಾನ, ಬರ್ಕೋರಿ' ಅಂದ್ರು. ಖುದಾ ಕಸಂ, ಅಕ್ಕಾ, ನನ್ನ ಕಿವೀಲಿ ಕೇಳೇನಿ."

ಯಾವ ಜಿಜಾ ಎಂದದ್ದು ಹೋಗಲಿ. ನಾನು ಮುದುಕಿ, ನನ್ನನ್ನು ಮರೆತರೆ ನಡೆಯುತ್ತದೆ. ಯಾವ ವರ್ಷಾ ಎಂದೆಯಲ್ಲ, ನಾಲಿಗೆ ಹೇಗೆ ಹೊರಳಿತು? ಅರಿಷಿಣ ಹಚ್ಚಲು ಕೂಡಬೇಕಾದ ಮಗಳನ್ನು ಹೆದ್ದಾರಿಯ ಮೇಲೆ ನಿಂತು ಯಾರವಳು ಎಂದು ಕೇಳಿದೆ. ಆಮೇಲೆ ನನಗೆ, ನಿಮ್ಮ ಪತ್ರದಿಂದಲೇ ತಿಳಿಯಿತು ಎಂದು ಬರೆದೆ. ಹಸಿ ಸುಳ್ಳು.

ನಿನ್ನ ಎರಡು ದಾರಿಗಳ ಬಗ್ಗೆ. ಹೆಸರು ಕೇಳಿದೆ. ಕೊಟ್ಟವರ ಹೆಸರು ಕೊಟ್ಟರೆ ಅವರ ರೇಷನ್ ಕಾರ್ಡು ಕಿತ್ತುಕೊಳ್ಳುತ್ತೀರಿ, ಅದು ನನಗೆ ತಿಳಿಯದ್ದಲ್ಲ. ನಿನ್ನ ಮಗಳ ತಲೆ ಮೇಲೆ ನಾಲ್ಕು ಕಾಳು ಬೀಳಲಿ ಎಂದು ಸುರಿದವರು ಅವರು. ಸಾಲದ್ದಕ್ಕೆ ನಾನು ಮುಖ ತಿರುಗಿಸಿ ಕೂತಿದ್ದೆ, ಯಾರನ್ನೂ ನೋಡಿಲ್ಲ. ನಮ್ಮ ಹಿರಿಯರು ಇಂಥ ಕಾಲ ಬರುತ್ತದೆಂದೇ ಈ ರೀತಿ ಮಾಡಿಟ್ಟರೋ ಏನೋ. ಇನ್ನು ಬಾಡಿಗೆಯ ಮಾತು. ಸೋದರ ಸೊಸೆಯ ಉಡಿ ಅಕ್ಕಿಗೆ ಸೋದರತ್ತೆ ಬಾಡಿಗೆ ತೆಗೆದುಕೊಂಡಳು ಎಂದು ನಾನು ಬರೆದುಕೊಟ್ಟರೆ ಊರ ನಾಯಿಯೂ ನನ್ನ ಮನೆಯ ರೊಟ್ಟಿ ಮೂಸುವುದಿಲ್ಲ. ಆ ಸುಳ್ಳು ನಿನಗೆ ಸುಲಭ, ನಿನಗೆ ರೂಢಿಯಾಗಿದೆ.

ಮದುವೆಗೆ ನಾನು ಬರುವುದಿಲ್ಲ. ಜಿಜಾ ಯಾರು ಎಂದು ಬೀಗರು ಕೇಳಿದರೆ ನೀನು ಏನು ಹೇಳುತ್ತೀಯೋ ಎಂಬ ಭಯ ನನಗಿದೆ.

ಜಿಜಾಬಾಯಿ


ಮಾಣಿಕನಗರ, ಹುಮನಾಬಾದ್
27 ಫೆಬ್ರುವರಿ 2025

ಜಿಜಾಬಾಯಿ,

ಬರುವುದಿಲ್ಲ ಎಂದು ನೀನು ಬರೆದಿದ್ದೆ, ಕೋಪಕ್ಕೆ ಬರೆದಿದ್ದಾಳೆ, ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಅಕ್ಷತೆಯ ಹೊತ್ತಿಗೆ ಭಟ್ಟರು, "ಸೋದರತ್ತೆಯನ್ನು ಕರೀರಿ" ಎಂದು ಮೂರು ಸಲ ಕೂಗಿದರು. ಮಂಟಪದಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಜ್ವರ ಬಂದಿದೆ ಎಂದೆ. ಕೊನೆಗೆ ನನ್ನ ಹೆಂಡತಿ ಉಜ್ವಲಾಳ ಅತ್ತಿಗೆಯನ್ನು ಕೂಡಿಸಿ ಶಾಸ್ತ್ರ ಮುಗಿಸಿದೆವು. ನಿನಗೆ ತೃಪ್ತಿಯಾಯಿತೇ?

ಹೌದು, ಆ ಡ್ರೈವರ್ ನನಗೆ ಹೇಳಿದ. ನಾನು ಇಲ್ಲ ಎಂದೆ. ಅಲ್ಲಿ ಏನಿತ್ತು ಎಂದು ನಿನಗೇನು ಗೊತ್ತು? ಪತ್ರಿಕೆಯವನೊಬ್ಬ ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತಿದ್ದ. ಹಿಂದಿನ ವಾರವಷ್ಟೇ ಒಂದು ಲಾರಿಯನ್ನು ನಾನು ದುಡ್ಡು ತಿಂದು ಬಿಟ್ಟೆ ಎಂದು ಅದೇ ಮನುಷ್ಯ ಬರೆದಿದ್ದ. ನಾನು ತಿಂದಿರಲಿಲ್ಲ. ಅಂಥ ಹೊತ್ತಿನಲ್ಲಿ, ಇದು ನನ್ನ ಮನೆಯ ಅಕ್ಕಿ, ಬಿಟ್ಟುಬಿಡಿ ಎಂದಿದ್ದರೆ ಮರುದಿನ ನನ್ನ ಕೆಲಸ ಹೋಗುತ್ತಿತ್ತು, ಮಗಳ ಮದುವೆಯೂ ಹೋಗುತ್ತಿತ್ತು.

ನೀನು ಊರನ್ನು ದೇವಲೋಕ ಮಾಡಿ ಬರೆಯುತ್ತೀ. ನಿಮ್ಮ ಓಣಿಯಲ್ಲಿ ತಿಂಗಳ ಮೊದಲ ವಾರ ಸೈಕಲ್ ಮೋಟಾರಿನವರು ಬಂದು ಅಕ್ಕಿ ಕೊಂಡುಹೋಗುವುದಿಲ್ಲವೇ? ನೀವೇ ತೂಗಿ ಕೊಡುವುದಿಲ್ಲವೇ? ಆ ಅಕ್ಕಿ ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿ ಹಿಡಿಯುವವನು ನಾನು. ಹತ್ತು ಗಾಡಿ ಹಿಡಿದರೆ ಹತ್ತೂ ಜನ ಮದುವೆ ಅಕ್ಕಿ, ಹರಕೆ ಅಕ್ಕಿ ಎನ್ನುತ್ತಾರೆ. ಒಬ್ಬರದು ನಿಜವಿರಬಹುದು. ಅದನ್ನು ಹೆದ್ದಾರಿಯ ಮೇಲೆ ನಿಂತು ಹೇಗೆ ಆರಿಸಲಿ? ಗಾಡಿ ಕಸಿಯದಿದ್ದರೆ ಯಾರಿಗೂ ಹೆದರಿಕೆ ಇರುವುದಿಲ್ಲ.

ನಾನು ಚಿಕ್ಕವನಿದ್ದಾಗಿನಿಂದ ನಿನ್ನದು ಒಂದೇ ಹಟ, ಬೇಡ ಎಂದದ್ದನ್ನು ಮಾಡಿ ಆಮೇಲೆ ಪ್ರೀತಿಗೆ ಮಾಡಿದೆ ಎನ್ನುವುದು. ನಿನ್ನ ಪ್ರೀತಿ ನನಗೆ ಮೊದಲಿನಿಂದಲೂ ತುಟ್ಟಿ.

ವಿಚಾರಣೆ ಏಪ್ರಿಲ್ ಎರಡಕ್ಕೆ. ನೋಟಿಸು ಬರುತ್ತದೆ.

ಸೂರ್ಯಕಾಂತ


ಕೊಹಿನೂರ
14 ಮಾರ್ಚ್ 2025

ಸೂರ್ಯಕಾಂತ,

ನೋಟಿಸು ಬಂತು. ನಿಮ್ಮ ಗಾಡಿಯನ್ನು ಸರಕಾರಕ್ಕೆ ಯಾಕೆ ಸೇರಿಸಿಕೊಳ್ಳಬಾರದು, ಕಾರಣ ತಿಳಿಸಿರಿ ಎಂದು ಕೇಳಿದ್ದಾರೆ. ನನ್ನ ಗಾಡಿ ನನ್ನದು ಯಾಕೆ ಎಂದು ನಾನು ಕಾರಣ ಕೊಡಬೇಕಂತೆ. ಬಸವಕಲ್ಯಾಣದ ಅಜೀಮುದ್ದೀನ್ ವಕೀಲರಿಗೆ ತೋರಿಸಿದೆ. "ಕಳವು ಮಾಡಿದವಂಗಾದ್ರೂ ಪೊಲೀಸ್ರು ಸಾಬೀತು ಮಾಡಬೇಕಾಗ್ತದರಿ ಬಾಯಿ. ಇಲ್ಲಿ ನೀವೇ ಸಾಬೀತು ಮಾಡಬೇಕು" ಎಂದರು. ಯಾರ ಮದುವೆ ಎಂದು ಕೇಳಿದರು. ತಮ್ಮನ ಮಗಳದು ಎಂದೆ. "ಆ ತಮ್ಮ ಬಂದು ಒಂದು ಮಾತು ಹೇಳಿದ್ರ ಸಾಕು, ಉಳಿದದ್ದು ನಾ ನೋಡ್ಕೋತೀನಿ. ಹೆಸರೇನರಿ?" ಎಂದರು. ನಾನು ಹೇಳಲಿಲ್ಲ. ಅದನ್ನು ಹೇಳಬೇಕಾದವಳು ನಾನಲ್ಲ.

ನಿನ್ನ ಮಾತಿಗೆ ಉತ್ತರ ಕೊಡುತ್ತೇನೆ. ಅಕ್ಕಿ ಮಾರುವವರು ಊರಲ್ಲಿ ಇದ್ದಾರೆ, ಸುಳ್ಳಲ್ಲ. ರೊಟ್ಟಿ ಉಣ್ಣುವವರಿಗೆ ಅಕ್ಕಿ ಕೊಟ್ಟು ಜೋಳ ಕೊಡದಿದ್ದರೆ ಮಾರದೆ ಏನು ಮಾಡುತ್ತಾರೆ? ಹಿಡಿ, ಬೇಡ ಅನ್ನುವುದಿಲ್ಲ. ಆದರೆ ನನ್ನದು ಮಾರುವ ಅಕ್ಕಿಯಲ್ಲ ಎಂದು ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನೀನೊಬ್ಬನೇ. ಹತ್ತರಲ್ಲಿ ನಿಜವಾದದ್ದನ್ನು ಹೇಗೆ ಆರಿಸಲಿ ಎಂದು ಕೇಳುತ್ತೀ. ಆರಿಸುವ ಕೆಲಸ ನಿನಗಿರಲೇ ಇಲ್ಲ, ಅದು ತಾನಾಗಿ ಬಂದು ನಿನ್ನ ಹತ್ತಿರ ನಿಂತು ಹೆಸರು ಹೇಳಿತು.

ಸೋಮವಾರ ಬಸ್ಸು ಹತ್ತಿ ಜಪ್ತಿ ಬಯಲಿಗೆ ಹೋಗಿ ಗಾಡಿ ನೋಡಿ ಬಂದೆ. ಬ್ಯಾಟರಿ ಇಲ್ಲ. ಸ್ಟೆಪ್ನಿ ಇಲ್ಲ. ಹಿಂದಿನ ಎರಡೂ ಗಾಲಿ ನೆಲಕ್ಕೆ ಕುಸಿದಿವೆ. ಅಲ್ಲಿ ನನ್ನ ಗಾಡಿ ಒಂದೇ ಅಲ್ಲ, ಟ್ರ್ಯಾಕ್ಟರು, ಆಟೊ, ಮೋಟಾರು ಬೈಕು, ಎಲ್ಲದರ ಮೇಲೂ ಜಾಲಿ ಬೆಳೆದಿದೆ. ಬಾಗಿಲು ಒರೆಸಲು ಹೋದರೆ ಕಾವಲುಗಾರ ಬಂದು, "ಮುಟ್ಟಬ್ಯಾಡ್ರಿ, ಅದು ಸರಕಾರದ್ದು" ಎಂದ. ಬ್ಯಾಟರಿ ಯಾವ ಸರಕಾರ ಒಯ್ದಿತಪ್ಪಾ ಎಂದು ಕೇಳಿದೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕಣ್ಣಾರೆ ಕಂಡು ಬಂದೆ.

ವರ್ಷಾ ಫೋನು ಮಾಡಿದ್ದಳು. "ಅತ್ತಿ, ಊರವರು ನನ್ನ ಉಡಿ ಯಾಕ ತುಂಬಲಿಲ್ಲ?" ಎಂದು ಅತ್ತಳು. ಈ ವರ್ಷ ಊರಲ್ಲಿ ಅಕ್ಕಿ ಕಡಿಮೆ ಇತ್ತವ್ವ ಎಂದೆ. ಅವಳಿಗೆ ಏನೂ ಹೇಳಿಲ್ಲ. ಅದು ನಿನ್ನ ಮೇಲಿನ ಕರುಣೆಯಲ್ಲ. ಹೊಸ ಮನೆಗೆ ಕಾಲಿಟ್ಟ ಹುಡುಗಿ, ಅಪ್ಪ ಇಂಥವನೆಂದು ಎದೆಯಲ್ಲಿಟ್ಟುಕೊಂಡು ಯಾಕೆ ಸಂಸಾರ ಮಾಡಬೇಕು?

ಏಪ್ರಿಲ್ ಎರಡಕ್ಕೆ ನೀನೂ ಅಲ್ಲಿರುತ್ತೀ. ಎದ್ದು ನಿಂತು, ಅದು ನನ್ನ ಮಗಳ ಉಡಿ ಅಕ್ಕಿ ಎಂದು ಹೇಳು. ಮತ್ತೇನೂ ಬೇಡ. ಹೇಳಿದರೆ ಹಿಂದಿನದೆಲ್ಲ ನಾನು ಮರೆಯುತ್ತೇನೆ.

ಜಿಜಾಬಾಯಿ


ಮಾಣಿಕನಗರ, ಹುಮನಾಬಾದ್
25 ಮಾರ್ಚ್ 2025

ಜಿಜಾಬಾಯಿ,

ನೀನು ಕೇಳಿದ್ದನ್ನು ಮಾಡಲಾಗುವುದಿಲ್ಲ. ದೂರು ಕೊಟ್ಟವನೇ ಎದ್ದು ನಿಂತು ಮಾಲು ನನ್ನದು ಎಂದರೆ ಅಂದೇ ಸಸ್ಪೆಂಡು, ಆಮೇಲೆ ಜೈಲು. ನನ್ನ ಸರ್ವಿಸು ಇನ್ನೂ ಎಂಟು ವರ್ಷ ಇದೆ. ನಿನ್ನದು ಒಂದು ಹಳೆಯ ಗಾಡಿ. ಅದನ್ನೂ ಇದನ್ನೂ ತಕ್ಕಡಿಯಲ್ಲಿ ಇಡಬೇಡ.

ಯಾರ ಮದುವೆ ಎಂದು ಕೇಳಿದರೆ ದೂರದ ಸಂಬಂಧ ಎನ್ನು, ಸೊಲ್ಲಾಪುರದವರು ಎನ್ನು. ನನ್ನ ಹೆಸರು ಬಾಯಿಗೆ ಬಂದರೆ ನಾನು ಇಲ್ಲ ಎನ್ನಬೇಕಾಗುತ್ತದೆ. ಆಗ ಸಾಹೇಬರು ಹೌದೋ ಅಲ್ಲವೋ ನೋಡಲು ಕೊಹಿನೂರಿಗೆ ಜನ ಕಳಿಸುತ್ತಾರೆ, ಮನೆ ಮನೆ ತೆಗೆಸಿ ಕಾರ್ಡು ನೋಡುತ್ತಾರೆ. ಈ ತಿಂಗಳು ಹತ್ತು ಮನೆಗೆ ತಪಾಸಣೆ ಬಂದದ್ದು ನಿನಗೆ ಗೊತ್ತಿರಬೇಕು. ಅದನ್ನು ಅಲ್ಲಿಗೇ ನಿಲ್ಲಿಸಿದವನು ನಾನು. ಇನ್ನೊಮ್ಮೆ ನಿಲ್ಲಿಸಲು ಆಗದಿರಬಹುದು.

ಯೋಚನೆ ಮಾಡಿ ಮಾತಾಡು.

ಸೂರ್ಯಕಾಂತ


ಮಾಣಿಕನಗರ, ಹುಮನಾಬಾದ್
4 ಏಪ್ರಿಲ್ 2025

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಎರಡು ರಾತ್ರಿ ನಿದ್ದೆ ಬಂದಿಲ್ಲ. ವಿಚಾರಣೆಯಿಂದ ಹೊರಗೆ ಬಂದವಳು ಹಿಂದಿರುಗಿ ನೋಡದೆ ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟೆ. ನಾನು ಕೂಗಬೇಕೆಂದುಕೊಂಡೆ, ಸುತ್ತ ಇಲಾಖೆಯವರಿದ್ದರು.

ನಿನ್ನ ಧೈರ್ಯ ದೊಡ್ಡದು. ಸಾಹೇಬರು, ಬಾಡಿಗೆ ಎಷ್ಟು ತೆಗೆದುಕೊಂಡಿರಿ ಎಂದು ಕೇಳಿದಾಗಲೇ ನೀನು ಏನೋ ಒಂದು ಅಂಕಿ ಹೇಳಿದ್ದರೆ ದಂಡದಲ್ಲಿ ಮುಗಿಯುತ್ತಿತ್ತು. ನೀನು, "ಉಡಿ ಅಕ್ಕಿಗೆ ಯಾರಾದ್ರೂ ಬಾಡಿಗಿ ತೊಗೊಂತಾರೇನ್ರಿ ಸಾಹೇಬ್ರ? ನಾ ಸೋದರತ್ತಿ, ತಮ್ಮನ ಮಗಳ ಮದುವಿರಿ" ಎಂದೆ. ಬಾಡಿಗೆಗೆ ಓಡಿಲ್ಲ ಎಂದು ಅವರು ಬರೆಸಿದರು. ಕೊಟ್ಟವರು ಯಾರು ಎಂದರೆ, "ಮಾರಿ ತಿರುವಿ ಕುಂತಿದ್ದೆರಿ" ಎಂದೆ. ಗುಮಾಸ್ತರು ನಕ್ಕರು. ಸಾಹೇಬರು ಕೆಟ್ಟ ಮನುಷ್ಯರಲ್ಲ. "ಸರಿ, ನಿಮ್ಮ ತಮ್ಮನ ಹೆಸರು ಹೇಳಿ. ಕರೆಸುತ್ತೇನೆ. ಅವನು ಬಂದು ಹೌದು ಎಂದರೆ ಬಿಡುವ ದಾರಿ ನೋಡೋಣ" ಎಂದರು. ನೀನು ನನ್ನ ಕಡೆ ನೋಡಿದೆ. ನನ್ನ ಕೈಯಲ್ಲಿ ಕಡತವಿತ್ತು. ಆಗ ನೀನು, "ನಂಗ ತಮ್ಮ ಇಲ್ಲರಿ" ಎಂದೆ.

ಅಕ್ಕಾ, ಆ ಮಾತಿನಿಂದ ನೀನು ನನ್ನನ್ನು ಉಳಿಸಿದೆ. ನನ್ನ ಮನೆ ಉಳಿಸಿದೆ. ಎಷ್ಟೇ ಜಗಳವಾಡಿದರೂ ಒಡಹುಟ್ಟಿದವಳು ಒಡಹುಟ್ಟಿದವಳೇ. ಹೇಳಿಕೆ ನಂಬಲು ಯೋಗ್ಯವಲ್ಲ ಎಂದು ಗಾಡಿಯನ್ನು ಸರಕಾರಕ್ಕೆ ಸೇರಿಸಿ ಆದೇಶವಾಗಿದೆ. ಪ್ರತಿ ನಿನಗೆ ಬರುತ್ತದೆ. ಬೇಸರ ಮಾಡಿಕೊಳ್ಳಬೇಡ, ನಾನು ಏನಾದರೂ ಮಾಡುತ್ತೇನೆ.

ನಿನ್ನ ತಮ್ಮ
ಸೂರ್ಯಕಾಂತ


ಮಾಣಿಕನಗರ, ಹುಮನಾಬಾದ್
28 ಸೆಪ್ಟೆಂಬರ್ 2025

ಪ್ರೀತಿಯ ಅಕ್ಕನಿಗೆ,

ಮೇನಲ್ಲಿ ಬರೆದೆ, ಜುಲೈನಲ್ಲಿ ಬರೆದೆ. ಒಂದಕ್ಕೂ ಉತ್ತರವಿಲ್ಲ. ಮೇಲ್ಮನವಿ ಹಾಕುತ್ತೀಯೇನೋ ಎಂದು ಕಾದೆ, ಅದೂ ಹಾಕಲಿಲ್ಲ. ಭಾವನಿಗೆ ಫೋನು ಮಾಡಿದರೆ, "ಆಕಿ ಸೋಯಾ ಕೊಯ್ಯಾಕ ಕೂಲಿಗಿ ಹೋಗ್ಯಾಳ" ಎಂದು ಇಟ್ಟರು. ನೀನು ಕೂಲಿಗೆ ಹೋಗುವುದು ಏನು? ಜನ ಏನೆಂದಾರು?

ಎರಡು ಒಳ್ಳೆಯ ಸುದ್ದಿ ಇವೆ. ಲಾಲ್ ಅಹ್ಮದನ ಮೇಲಿನ ಪ್ರಕರಣವನ್ನು ಪೊಲೀಸರು ಸಾಕ್ಷ್ಯ ಸಾಲದೆಂದು ಮುಚ್ಚಿದ್ದಾರೆ. ಅಂದರೆ ಕಾನೂನಿನ ಪ್ರಕಾರ ಯಾರ ಮೇಲೂ ಯಾವ ಕಳಂಕವೂ ಉಳಿದಿಲ್ಲ. ಇನ್ನೊಂದು, ಈ ತಿಂಗಳು ಗಾಡಿಗಳ ಹರಾಜಾಯಿತು. ಗುಜರಿಯವರಿಬ್ಬರನ್ನು ಬಿಟ್ಟರೆ ನಿನ್ನ ಗಾಡಿಗೆ ಕೂಗುವವರಿರಲಿಲ್ಲ. ಉಜ್ವಲಾಳ ತಮ್ಮ ಅಂಬರೀಷನ ಹೆಸರಿನಲ್ಲಿ ಕೂಗಿಸಿ ಬಿಡಿಸಿಕೊಂಡೆ. ಹೊಸ ಬ್ಯಾಟರಿ, ಹೊಸ ಗಾಲಿ ಹಾಕಿಸಿ, ಬಣ್ಣ ಹೊಡೆಸಿದ್ದೇನೆ. ಈ ಪತ್ರದ ಜೊತೆಯಲ್ಲೇ ಅಂಬರೀಷ ಅದನ್ನು ನಿನ್ನ ಬಾಗಿಲಿಗೆ ತಂದು ನಿಲ್ಲಿಸುತ್ತಾನೆ. ಕಾಗದಗಳನ್ನೂ ನಿನ್ನ ಹೆಸರಿಗೆ ಮಾಡಿಸುತ್ತೇನೆ.

ಎಲ್ಲಿಂದ ಬಂತು ಎಂದು ಊರವರು ಕೇಳಿದರೆ ಹರಾಜಿನಲ್ಲಿ ನೀನೇ ತೆಗೆದುಕೊಂಡೆ ಎನ್ನು. ನನ್ನ ಹೆಸರು ಬೇಡ. ನಿನ್ನದು ನಿನಗೆ ಬಂತು. ಇನ್ನು ನಮ್ಮಿಬ್ಬರ ನಡುವೆ ಏನೂ ಉಳಿಯಲಿಲ್ಲ ಅಲ್ಲವೇ? ದೀಪಾವಳಿಗೆ ಬಾ.

ನಿನ್ನ ತಮ್ಮ
ಸೂರ್ಯಕಾಂತ


ಕೊಹಿನೂರ
6 ಅಕ್ಟೋಬರ್ 2025

ಸೂರ್ಯಕಾಂತ ಅವರಿಗೆ ಜಿಜಾಬಾಯಿಯ ನಮಸ್ಕಾರ.

ಗಾಡಿ ಬಂತು. ಬಣ್ಣ ಚೆನ್ನಾಗಿ ಹೊಡೆಸಿದ್ದೀರಿ. ಅಂಬರೀಷ ಕೀಲಿ ಕೊಟ್ಟು ಚಹಾ ಕುಡಿದು ಹೋದರು, ಅವರದೇನು ತಪ್ಪು. ಒಂದು ವಾರದಿಂದ ಅಂಗಳದಲ್ಲಿ ನಿಂತಿದೆ. ನಾನು ಅದನ್ನು ಹತ್ತಲಿಲ್ಲ.

ಕೇಸು ಮುಚ್ಚಿದ ಕಾಗದವನ್ನು ಅಜೀಮುದ್ದೀನ್ ವಕೀಲರಿಗೆ ತೋರಿಸಿ, ತಪ್ಪೇ ಆಗಿಲ್ಲ ಅಂದ ಮೇಲೆ ಗಾಡಿಯ ಬೆಲೆಯಾದರೂ ಸರಕಾರ ಕೊಡಬೇಕಲ್ಲ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಕೇಸು ನಡದು ಖುಲಾಸೆ ಆಗಿದ್ರ ಬೆಲಿ ಕೇಳಬಹುದಿತ್ತರಿ ಬಾಯಿ. ಇಲ್ಲಿ ಕೇಸೇ ನಡೀಲಿಲ್ಲ, ಖುಲಾಸೆ ಎಲ್ಲಿಂದ ತರೂಣು?" ಎಂದರು. ತಪ್ಪು ಮಾಡಿದ್ದೇವೆಂದು ಯಾರೂ ಹೇಳಲಿಲ್ಲ, ಅದಕ್ಕೇ ನಮ್ಮ ವಸ್ತು ನಮಗೆ ಸಿಗುವುದಿಲ್ಲ. ನಾನು ಏಳನೇ ಇಯತ್ತೆಯವಳು, ಇದು ನನ್ನ ತಲೆಗೆ ಹತ್ತಲಿಲ್ಲ. ನಿಮಗೆ ಹತ್ತುತ್ತದೆ, ನೀವು ಓದಿದವರು.

ಮೊನ್ನೆ ಲಾಲ್ ಅಹ್ಮದನ ಮಗಳು ನೂರೀನ್‌ಳ ಮದುವೆಯಾಯಿತು. ಅವಳೂ ಊರ ಹುಡುಗಿ, ಅವಳ ಉಡಿಯೂ ಊರದ್ದೇ. ಸೋದರತ್ತೆ ವಹೀದಾ ಬಸವಕಲ್ಯಾಣದಿಂದ ಬಂದು ಕಟ್ಟೆಯ ಮೇಲೆ ಸೀರೆ ಹಾಸಿ, ಮುಖ ತಿರುಗಿಸಿ, ಸಂಜೆಯತನಕ ಕೂತಳು. ನಾಲ್ಕೇ ಮನೆಯವರು ಬಂದರು. ಅವರೂ ಅಂಗಡಿಯಲ್ಲಿ ಕೊಂಡ ಅಕ್ಕಿ ತಂದಿದ್ದರು. ಅಕ್ಕಿಯ ಮೇಲೆ ಅಂಗಡಿಯ ಬಿಲ್ಲನ್ನೂ ಇಟ್ಟು ಹೋದರು, ನಾಳೆ ಯಾರಾದರೂ ಹಿಡಿದರೆ ಇರಲಿ ಎಂದು. ವಹೀದಾ ತಿರುಗಿ ನೋಡಿ ಅತ್ತಳು. ನಾನೂ ಅತ್ತೆ. ನೀವು ಹಿಡಿದದ್ದು ಒಂದು ಗಾಡಿ ಎಂದುಕೊಂಡಿದ್ದೀರಿ.

ಇನ್ನು ವಿಚಾರಣೆಯ ಮಾತು. ನಾನು ನಿಮ್ಮನ್ನು ಉಳಿಸಿದೆ ಎಂದು ಬರೆದಿದ್ದೀರಿ. ಅಲ್ಲಿ ನಡೆದದ್ದನ್ನು ಅರ್ಧವೇ ಬರೆದಿದ್ದೀರಿ. ನಂಗ ತಮ್ಮ ಇಲ್ಲರಿ ಎಂದಾಗ ಸಾಹೇಬರು, "ಈಗತಾನೆ ತಮ್ಮನ ಮಗಳು ಎಂದಿರಲ್ಲ?" ಎಂದು ಕೇಳಿದರು. ಅದಕ್ಕೆ ನಾನು, "ಅದಾನ ಅಂತ ತಿಳ್ಕೊಂಡಿದ್ದೆರಿ" ಎಂದೆ. ಆ ಮಾತನ್ನು ನೀವು ಕೇಳಿದ್ದೀರಿ, ಕಡತದ ಹಾಳೆ ತಿರುವುತ್ತಿದ್ದ ನಿಮ್ಮ ಕೈ ನಿಂತದ್ದನ್ನು ನಾನು ನೋಡಿದ್ದೇನೆ. ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಗಾಡಿ ಬರುತ್ತಿತ್ತೋ ಏನೋ. ನೀವಾಗಿ ತಲೆ ಎತ್ತಲಿ ಎಂದು ಕಾದೆ. ಎತ್ತಲಿಲ್ಲ. ಆಮೇಲೆ ನನ್ನ ಬಾಯಿಂದ ಬಂದದ್ದು ನಿಮ್ಮನ್ನು ಉಳಿಸಲು ಹೇಳಿದ ಸುಳ್ಳಲ್ಲ. ಆ ದಿನ ಆ ಕೋಣೆಯಲ್ಲಿ ಯಾರಾದರೂ ನಿಜ ಹೇಳಿದ್ದರೆ ಅದು ನಾನು.

ಲಾಲ್ ಅಹ್ಮದ್ ನಾಳೆ ಗಾಡಿಯನ್ನು ತಂದು ನಿಮ್ಮ ಕಚೇರಿಯ ಬಾಗಿಲ ಮುಂದೆ ನಿಲ್ಲಿಸಿ, ಕೀಲಿಯನ್ನು ಜವಾನನ ಕೈಗೆ ಕೊಟ್ಟು ಬಸ್ಸಿನಲ್ಲಿ ವಾಪಸು ಬರುತ್ತಾನೆ. ಅವನಿಗೆ ಬೇರೆಯವರ ಗಾಡಿ ಸಿಕ್ಕಿದೆ. ನನಗೆ ಸುಗ್ಗಿ ಮುಗಿಯುವತನಕ ಕೂಲಿಯಿದೆ, ಆಮೇಲಿನದು ಆಮೇಲೆ.

ನನಗೆ ತಮ್ಮ ಇಲ್ಲ ಎಂದು ಸರಕಾರದ ಮುಂದೆ ಹೇಳಿ, ಕೆಳಗೆ ಸಹಿ ಮಾಡಿ ಬಂದಿದ್ದೇನೆ. ಆ ಮಾತಿಗೆ ನಾನು ಒಂದು ಗಾಡಿ ತೆತ್ತಿದ್ದೇನೆ. ಈಗ ಗಾಡಿ ವಾಪಸು ಇಟ್ಟುಕೊಂಡರೆ ಮಾತೂ ವಾಪಸು ತೆಗೆದುಕೊಳ್ಳಬೇಕಾಗುತ್ತದೆ.

ಜಿಜಾಬಾಯಿ